ಬಿಸಿರೊಟ್ಟಿಯ ಸೀಮೆ: ಐದು ಪೇಟೆಗಳ ಊಟದ ಮನೆಗಳನ್ನು ಕುರಿತು

ಒಂದು ಸೀಮೆಯ ಹೋಟೆಲುಗಳ ವಿಷಯದಲ್ಲಿ ಅಭಿಪ್ರಾಯ ಹೇಳಹೊರಟವನು ಅಲ್ಲಿಯ ಅಡುಗೆಯನ್ನು ರುಚಿ ನೋಡುವುದಕ್ಕೆ ಮುಂಚೆ ಆ ಸೀಮೆಯ ಮಣ್ಣನ್ನೂ ಅದರ ಎಲ್ಲೆಕಟ್ಟುಗಳ ಚರಿತ್ರೆಯನ್ನೂ ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ನಾಡು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯದೊಡನೆ ಕೂಡಿಕೊಳ್ಳುವ ಪರ್ಯಂತ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಅಂಚಾಗಿ ಮದರಾಸಿನ ಆಳ್ವಿಕೆಯೊಳಗೆ ಬಾಳಿದ ನಾಡು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ತೆಂಕಣಕ್ಕೆ ನಡೆದರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ, ದಾವಣಗೆರೆ ಆಗ ಅದರೊಳಗಿನ ಒಂದು ವ್ಯಾಪಾರದ ಪೇಟೆ. ಮೂರು ಆಡಳಿತಗಳು ಬಂದು ಕೂಡುತ್ತಿದ್ದ ಈ ಮೂಲೆಯಲ್ಲಿ ಮೂರು ಬಗೆಯ ಊಟದ ಮನೆಗಳೂ ಬಂದು ನೆಲೆಸಿದುವೆಂದು ನನಗೆ ತೋರುತ್ತದೆ. ಹೊಳೆಯಾಚೆಯ ನಡವಳಿಕೆಯನ್ನು ಹೋಲುವ ರೊಟ್ಟಿಯ ಖಾನಾವಳಿ ಒಂದು. ದಾವಣಗೆರೆಯ ನೆರೆಯಿಂದ ಹಬ್ಬಿದ ದೋಸೆ ಮಂಡಕ್ಕಿಗಳ ಅಂಗಡಿ ಇನ್ನೊಂದು. ಆಗ ತಾನೂ ಮದರಾಸಿಗೇ ಸೇರಿದ್ದ ಉಡುಪಿಯ ಕಡೆಯವರು ಊರೂರಿಗೆ ಒಯ್ದ ಇಡ್ಲಿ ಕಾಫಿಗಳ ಹೋಟೆಲು ಮತ್ತೊಂದು. ಈ ಐದು ಪೇಟೆಗಳಲ್ಲಿ ಯಾವ ಬೀದಿಯನ್ನು ಹಿಡಿದರೂ ಈ ಮೂರರ ಸಂತತಿ ಎದುರಾಗದೆ ಇರದು.

ಮೂರರಲ್ಲಿ ಖಾನಾವಳಿಗೇ ನಾನು ಮೊದಲ ಮಣೆ ಹಾಕುವವನು. ಅದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಜೋಳದ ರೊಟ್ಟಿಯನ್ನು ಸಾಮಾನ್ಯ ಪದಾರ್ಥವೆಂದು ಎಣಿಸುವವರು ಅದು ಆಗುವ ಬಗೆಯನ್ನು ಒಮ್ಮೆ ಒಲೆಯ ಬಳಿ ನಿಂತು ನೋಡಬೇಕು. ಗೋಧಿಯ ಹಿಟ್ಟಿನಲ್ಲಿ ಎಳೆದಂತೆ ಹಿಗ್ಗುವ, ಬಿಟ್ಟಂತೆ ಕುಗ್ಗುವ ಅಂಟಿನ ಗುಣವುಂಟು. ಜೋಳದ ಹಿಟ್ಟಿಗೆ ಆ ಗುಣ ಹುಟ್ಟಿನಿಂದಲೇ ಇಲ್ಲ. ತಣ್ಣೀರಿನಲ್ಲಿ ಕಲಸಿ ಲಟ್ಟಣಿಗೆ ಇಟ್ಟರೆ ಅಂಚು ಬಿರಿದು ಹೋಳು ಹೋಳಾಗುತ್ತದೆ. ಆದುದರಿಂದಲೇ ಕುದಿಯುವ ಎಸರನ್ನು ಹಿಟ್ಟಿನ ಮೇಲೆ ಸುರಿದು, ಅದರ ಪಿಷ್ಟ ಅರೆ ಬೆಂದು ತಾನೇ ಅಂಟಾಗುವಂತೆ ಮಾಡಿ, ಕೈ ಸುಡುವ ಬಿಸಿಯಲ್ಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಒಂದು ರೊಟ್ಟಿಗೆ ಬೇಕಾದಷ್ಟನ್ನು ಮಾತ್ರ ಉಂಡೆ ಕಟ್ಟಿ, ಒಣಹಿಟ್ಟು ಹರಡಿದ ಹಲಗೆಯ ಮೇಲೆ ಬಡಿಯತೊಡಗುತ್ತಾರೆ. ಬಡಿಯುವ ಕೈಯ ಪೆಟ್ಟಿಗೆ ರೊಟ್ಟಿ ತಾನಾಗಿ ಸುತ್ತುತ್ತ ಅಗಲವಾಗುತ್ತ ಹೋಗುತ್ತದೆ. ಬೆರಳು ಒಂದಿಷ್ಟು ಹೆಚ್ಚು ಊರಿದರೆ ತೂತು, ಕಡಿಮೆಯಾದರೆ ನಡು ದಪ್ಪ. ಹಂಚಿನ ಮೇಲೆ ಹಾಕಿದೊಡನೆ ಒದ್ದೆಯ ಅರಿವೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ಆ ನೀರು ಆರುವ ಗಳಿಗೆಯನ್ನು ಕಣ್ಣಳತೆಯಿಂದಲೇ ತಿಳಿದು ಮಗುಚುತ್ತಾರೆ. ಕಡೆಗೆ ಕೆಂಡದ ಮುಂದೆ ನಿಲ್ಲಿಸಿದಾಗ ಒಳಗಿನ ಹಬೆ ಎರಡು ಪದರಗಳನ್ನು ಬಿಡಿಸಿ ರೊಟ್ಟಿಯನ್ನು ಉಬ್ಬಿಸುತ್ತದೆ. ಇಷ್ಟೆಲ್ಲ ನಡೆದ ತರುವಾಯ ಅದಕ್ಕಿರುವ ಆಯುಸ್ಸು ಕೆಲವೇ ನಿಮಿಷಗಳದು. ತಣಿಯುತ್ತ ಬಂದಂತೆ ಬೆಂದ ಪಿಷ್ಟ ಪುನಃ ಬಿಗಿದುಕೊಂಡು ರೊಟ್ಟಿ ಬಿರುಸಾಗುತ್ತದೆ. ಪೂರ್ತಿ ಒಣಗಿಸಿ ಕಡಕ್ ಮಾಡಿದರೆ ಅದು ವಾರಗಟ್ಟಲೆ ಕೆಡದೆ ಇರುವ ಬೇರೊಂದು ಒಳ್ಳೆಯ ಪದಾರ್ಥವೇ ಆಗುತ್ತದೆ. ಆದರೆ ಬಿಸಿಯೂ ಅಲ್ಲದ ಕಡಕ್ಕೂ ಅಲ್ಲದ, ಬೆಳಿಗ್ಗೆ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟು ಮಧ್ಯಾಹ್ನ ತಂದು ಬಡಿಸುವ ರೊಟ್ಟಿ ಇವೆರಡರ ಗುಣವನ್ನೂ ಕಳೆದುಕೊಂಡದ್ದು.

ಆದುದರಿಂದ ಖಾನಾವಳಿಯನ್ನು ಅಳೆಯುವುದಕ್ಕೆ ನನ್ನಲ್ಲಿರುವುದು ಒಂದೇ ಅಳತೆಗೋಲು: ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಊಟದ ಸಾಲಿಗೆ ಕೇಳಿಸುತ್ತಿದೆಯೇ ಇಲ್ಲವೇ. ಸದ್ದು ಕೇಳಿಸುವಲ್ಲಿ ಮೇಜಿನ ಕಾಲು ಅಲುಗಾಡುತ್ತಿದ್ದರೂ ಗೋಡೆಯ ಸುಣ್ಣ ಉದುರುತ್ತಿದ್ದರೂ ನಾನು ನಿಶ್ಚಿಂತೆಯಿಂದ ಕುಳಿತುಕೊಳ್ಳುತ್ತೇನೆ. ತಟ್ಟೆಯ ಅಂಚಿಗೆ ಶೇಂಗಾ ಚಟ್ನಿಪುಡಿ, ಗುರೆಳ್ಳಿನ ಪುಡಿ, ಒಂದು ಹೋಳು ಹಸಿ ಈರುಳ್ಳಿ, ಕಾಲವಿದ್ದರೆ ಒಂದಿಷ್ಟು ಹಸಿ ಮೆಂತ್ಯೆಸೊಪ್ಪು ಬೀಳುತ್ತದೆ. ಎಣ್ಣೆಗಾಯಿಯ ಬದನೆ ಒಂದು ಕಡೆ, ಮಡಿಕೆಯದೋ ಹೆಸರಿನದೋ ಕಾಳುಪಲ್ಯ ಇನ್ನೊಂದು ಕಡೆ, ನಡುವೆ ಗಟ್ಟಿ ಮೊಸರು. ಹರಪನಹಳ್ಳಿಯ ಬಸ್‌ನಿಲ್ದಾಣಕ್ಕೆ ಸಮೀಪದ ಒಂದು ಖಾನಾವಳಿಯಲ್ಲಿ, ಉಂಡು ಸಾಕೆಂದು ಕೈ ಅಡ್ಡ ಹಿಡಿದಿದ್ದ ನನ್ನ ತಟ್ಟೆಗೆ ಮತ್ತೊಂದು ರೊಟ್ಟಿಯನ್ನು ಮಡಿಸಿ ಹಾಕುತ್ತ ಆ ಮನೆಯ ತಾಯಿ, "ತಗಾಳ್ರಿ ಯಣ್ಣಾ, ಆರಿದ ಮ್ಯಾಲೆ ರೊಟ್ಟಿ ಏನ್ ಚೆಂದ" ಎಂದಳು. ಆ ಮಾತಿನಲ್ಲಿದ್ದುದು ಉಪಚಾರವಷ್ಟೇ ಅಲ್ಲ, ತನ್ನ ಕಸುಬನ್ನು ಬಲ್ಲವಳ ತೀರ್ಪು. ರೊಟ್ಟಿಗೆ ಎಣಿಕೆಯಿಲ್ಲದೆ ಬಡಿಸಿ ಒಂದೇ ಊಟದ ದರ ತೆಗೆದುಕೊಳ್ಳುವ ಮನೆಗಳು ಇನ್ನೂ ಉಂಟು. ಎಣಿಸಿ ಕೊಡುವ ಮನೆಗಳೂ ಉಂಟು. ಎಣಿಕೆಯನ್ನು ನಾನು ದೂರುವವನಲ್ಲ. ರೊಟ್ಟಿಯನ್ನು ಬಡಿಯುವವಳಿಗೆ ಒಂದೊಂದಕ್ಕೆ ಇಂತಿಷ್ಟೆಂದು ಕೂಲಿ ಸಲ್ಲುವ ಪಕ್ಷದಲ್ಲಿ ಉಣ್ಣುವವನೂ ಎಣಿಸಿಯೇ ಉಣ್ಣುವುದು ನ್ಯಾಯ.

ಖಾನಾವಳಿಯ ಹೊರಗಿನ ಫಲಕದಲ್ಲಿ ಬಸವೇಶ್ವರನ ಹೆಸರೋ ಊರದೇವರ ಹೆಸರೋ ಇರುವುದು ವಾಡಿಕೆ. ಗಲ್ಲಾಪೆಟ್ಟಿಗೆಯ ಹಿಂದೆ ಯಜಮಾನರು ಕಾಣುತ್ತಾರೆ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಹಂಚಿನ ಮುಂದೆ ತಾಸುಗಟ್ಟಲೆ ಕುಕ್ಕುರುಗಾಲಿನಲ್ಲಿ ಕುಳಿತ ಹೆಂಗಸು ಮಾತ್ರ ಗೋಡೆಯ ಆಚೆಗೆ ಉಳಿಯುತ್ತಾಳೆ. ದೊಡ್ಡ ನಗರಗಳ ಭೋಜನಗೃಹಗಳಲ್ಲಿ ಅಡುಗೆಯವನ ಹೆಸರನ್ನು ಜನ ಕೇಳಿ ತಿಳಿದು ಅವನನ್ನರಸಿ ಹೋಗುವ ಈ ಕಾಲದಲ್ಲಿಯೂ ಈಕೆಯ ಹೆಸರನ್ನು ಯಾರೂ ಕೇಳುವುದಿಲ್ಲ. ಒಳ್ಳೆಯ ಕೈಯವಳೊಬ್ಬಳು ಒಂದು ಮನೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ, ತಿಂಗಳೊಪ್ಪತ್ತಿನಲ್ಲಿ ಗಿರಾಕಿಗಳೂ ಅವಳ ಬೆನ್ನು ಹಿಡಿದು ಹೋಗುವುದನ್ನು ಈ ಪೇಟೆಗಳಲ್ಲಿ ಉಂಡು ಬಲ್ಲ ಯಾರಾದರೂ ಒಪ್ಪುತ್ತಾರೆ. ಖಾನಾವಳಿಯ ಬಂಡವಾಳವೆಂಬುದೇನಿದ್ದರೂ ಅದು ಆ ಎರಡು ಕೈಗಳಲ್ಲಿದೆ.

ಕೊಟ್ಟೂರಿನ ಮಾತೇ ಬೇರೆ. ಅಲ್ಲಿ ಮಧ್ಯಾಹ್ನಕ್ಕಿಂತ ಸಂಜೆ ದೊಡ್ಡದು. ಗುರು ಕೊಟ್ಟೂರೇಶ್ವರನ ಗುಡಿಯ ಸುತ್ತಮುತ್ತಲ ಬೀದಿಗಳಲ್ಲಿ ಇಳಿಹೊತ್ತಿನ ನಾಲ್ಕು ಗಂಟೆಯ ಮೇಲೆ ಬಾಣಲೆಗಳು ಏರುತ್ತವೆ; ಕೊಟ್ಟೂರಿಗೆ ಹೋಗಿ ಮಂಡಕ್ಕಿ ಮಿರ್ಚಿ ತಿನ್ನದೆ ಬಂದವನನ್ನು ಈ ಕಡೆಯ ಜನ ಆ ಊರಿಗೆ ಹೋದವನೆಂದೇ ಲೆಕ್ಕಿಸುವುದಿಲ್ಲ. ಬತ್ತ ಬೆಳೆಯದ ಒಣಬೇಸಾಯದ ನೆಲದಲ್ಲಿ ಅಕ್ಕಿಯ ಹುರಿದ ಕಾಳು ಹೀಗೆ ಜನರ ನಿತ್ಯದ ತಿಂಡಿಯಾದುದು ಹೇಗೆಂದು ವಿಚಾರ ಮಾಡಿದರೆ, ಉತ್ತರ ನೆರೆಯಲ್ಲೇ ಸಿಕ್ಕುತ್ತದೆ. ಭದ್ರಾ, ತುಂಗಭದ್ರಾ ಕಾಲುವೆಗಳ ಬತ್ತ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಹೋಗಿ, ಅಲ್ಲಿ ನೆನೆದು ಬೆಂದು ಒಣಗಿ, ಕಾದ ಮರಳಿನಲ್ಲಿ ಅರಳಿ, ಮೂಟೆ ಮೂಟೆಯಾಗಿ ಬಯಲುಸೀಮೆಯ ಊರುಗಳಿಗೆ ಇಳಿಯುತ್ತದೆ. ಹಗುರವಾದ ಮೂಟೆಗೆ ಸಾಗಣೆಯ ವೆಚ್ಚ ಕಡಿಮೆ; ಮೊದಲೇ ಬೆಂದುದರಿಂದ ಉರುವಲಿನ ವೆಚ್ಚವೂ ಕಡಿಮೆ; ಗಾಳಿ ತಗುಲದಂತೆ ಇಟ್ಟರೆ ಬಹುದಿನ ಕೆಡುವುದಿಲ್ಲ. ಸೌದೆಯೂ ನೀರೂ ದುರ್ಲಭವಾದ ನಾಡಿಗೆ ಇದಕ್ಕಿಂತ ಒಗ್ಗುವ ತಿಂಡಿಯನ್ನು ಕಲ್ಪಿಸುವುದು ಕಷ್ಟ.

ಒಗ್ಗರಣೆ ಮಂಡಕ್ಕಿಯಲ್ಲಿ ಕೈಚಳಕವೆಲ್ಲ ನೀರಿನಲ್ಲಿದೆ. ಮಂಡಕ್ಕಿಯನ್ನು ನೀರಿಗೆ ಅದ್ದಿ ಆ ಕ್ಷಣವೇ ಹಿಂಡಿ ತೆಗೆಯಬೇಕು. ಒಂದು ಉಸಿರು ತಡವಾದರೆ ಮುದ್ದೆ, ಬೇಗನೆ ತೆಗೆದರೆ ನಡುವಿನಲ್ಲಿ ಹಸಿ ಗರಿಗರಿ. ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಸಿನ ಬಾಡಿಸಿ, ಹುಣಿಸೆಯ ಹುಳಿಯನ್ನೋ ನಿಂಬೆಯ ರಸವನ್ನೋ ಸೇರಿಸಿ, ಹಿಂಡಿದ ಮಂಡಕ್ಕಿಯನ್ನು ಹಾಕಿ ತಿರುವಿ, ಕೊನೆಗೆ ಹುರಿಗಡಲೆಯ ಪುಡಿಯನ್ನು ಮೇಲೆ ಉದುರಿಸುತ್ತಾರೆ. ಆ ಪುಡಿ ಉಳಿದ ತೇವವನ್ನೆಲ್ಲ ಹೀರಿಕೊಂಡು ಒಂದೊಂದು ಕಾಳನ್ನೂ ಬಿಡಿಬಿಡಿಯಾಗಿ ನಿಲ್ಲಿಸುತ್ತದೆ. ಕಡಲೆಪುಡಿಯಲ್ಲಿ ಜಿಪುಣತನ ಮಾಡಿದ ಅಂಗಡಿಯನ್ನು ಮೊದಲ ತುತ್ತಿನಲ್ಲೇ ಗುರುತಿಸಬಹುದು. ಜೊತೆಗೆ ಬರುವ ಮಿರ್ಚಿ ಉದ್ದನೆಯ, ತಿರುಳು ದಪ್ಪನೆಯ, ತಿಳಿಹಸಿರಿನ ಮೆಣಸಿನಕಾಯಿಯದಾಗಿರಬೇಕು. ಅದನ್ನು ಸೀಳಿ ಒಳಗೆ ಉಪ್ಪು, ಅಜವಾನ, ಹುಣಿಸೆ ಸವರಿರಬೇಕು. ಕಡಲೆಹಿಟ್ಟಿನ ಹೊದಿಕೆ ಕಾಯಿಗಿಂತ ದಪ್ಪವಾಗಿರಕೂಡದು. ಹಿಟ್ಟಿಗೆ ಸೋಡ ಹೆಚ್ಚಾದ ಮಿರ್ಚಿ ಬಾಣಲೆಯಲ್ಲಿ ಸುಂದರವಾಗಿ ಉಬ್ಬುತ್ತದೆ, ಕೈಗೆ ತೆಗೆದುಕೊಂಡರೆ ಎಣ್ಣೆಯನ್ನು ಸುರಿಸುತ್ತದೆ. ಗಂಡಸರು ಹೆಂಗಸರೆನ್ನದೆ, ಹಮಾಲರು ಮಾಸ್ತರರೆನ್ನದೆ ಕಾಗದದ ತುಂಡಿನ ಮೇಲೆ ಅಂಗಡಿಯ ಮುಂದೆ ನಿಂತೇ ತಿನ್ನುವ ಈ ತಿಂಡಿಯನ್ನು, ಮೇಜು ಕುರ್ಚಿಗಳಿರುವ ಎಷ್ಟೋ ಉಪಾಹಾರಗೃಹಗಳ ಪದಾರ್ಥಗಳಿಗಿಂತ ಮೇಲೆ ಇಡುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ.

ಮಾಘ ಬಹುಳದಲ್ಲಿ ಕೊಟ್ಟೂರೇಶ್ವರನ ತೇರು ಎಳೆಯುವ ದಿನಗಳಲ್ಲಿ ಈ ಲೆಕ್ಕಾಚಾರಗಳೆಲ್ಲ ಬದಲಾಗುತ್ತವೆ. ದಾವಣಗೆರೆಯ ಕಡೆಯಿಂದಲೂ ಇತರ ದಿಕ್ಕುಗಳಿಂದಲೂ ಜನ ಪಾದಯಾತ್ರೆಯಲ್ಲಿ ಹೊರಟು ಬರುತ್ತಾರೆ. ಹಾದಿಯುದ್ದಕ್ಕೂ ಹಳ್ಳಿಯವರು ಚಪ್ಪರ ಹಾಕಿ ಅನ್ನ, ಪಲ್ಯ, ರೊಟ್ಟಿ, ಮಜ್ಜಿಗೆಗಳನ್ನು ಕರೆದು ಕೊಡುತ್ತಾರೆ. ಅನ್ನವನ್ನು ಮಾರುವುದಲ್ಲ, ನೀಡುವುದು ಧರ್ಮವೆಂದು ಹನ್ನೆರಡನೆಯ ಶತಮಾನದ ಶರಣರ ಕಾಲದಿಂದ ಬಂದ ದಾಸೋಹದ ಭಾವನೆ ಈ ಸೀಮೆಯ ಮಠಮಾನ್ಯಗಳಲ್ಲಿ ಇನ್ನೂ ಜೀವಂತವಾಗಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬರುವ ಒಕ್ಕಲಿನವರು ಬುತ್ತಿಯನ್ನು ಮನೆಯಿಂದಲೇ ತರುತ್ತಾರೆ. ಕಾರಣಿಕವೆಂಬ ಭವಿಷ್ಯನುಡಿಯನ್ನು ಕೇಳಿ ಮರಳುವಾಗ ಮಂಡಕ್ಕಿ ಬೆಂಡು ಬತ್ತಾಸುಗಳನ್ನು ಕಟ್ಟಿಸಿಕೊಂಡು ಹೋಗುತ್ತಾರೆ. ಪರಸ್ಥಳದವನು ಈ ಸೀಮೆಯ ಊಟವನ್ನು ಅರಿಯಬೇಕಾದರೆ ಜಾತ್ರೆಯ ಕಾಲದಲ್ಲಿ ಹೋಟೆಲನ್ನು ಹುಡುಕದೆ ಬುತ್ತಿ ಬಿಚ್ಚಿದವರ ಪಕ್ಕದಲ್ಲಿ ಕುಳಿತರೆ ಸಾಕು. ಕರೆಯದೆ ಬಿಡುವವರು ಅಪೂರ್ವ.

ಇನ್ನುಳಿದ ಪೇಟೆಗಳನ್ನು ಕುರಿತು ಸಂಕ್ಷೇಪವಾಗಿ ಹೇಳಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದಕ್ಕೆ ಸೇರಿ, ಸುಮಾರು ಎರಡು ದಶಕಗಳ ಬಳಿಕ ಮತ್ತೆ ಬಳ್ಳಾರಿಗೆ ಮರಳಿ ಅಲ್ಲಿಂದ ವಿಜಯನಗರಕ್ಕೆ ಬಂದ ಹರಪನಹಳ್ಳಿ, ನಾಲಗೆಯ ಮಟ್ಟಿಗೆ ಇಂದಿಗೂ ಅರ್ಧ ದಾವಣಗೆರೆಯದೇ ಆಗಿದೆ. ಬೆಳಗಿನ ಹೊತ್ತು ಅಲ್ಲಿಯ ಬೆಣ್ಣೆದೋಸೆಯನ್ನು ನಾನು ಮೆಚ್ಚುತ್ತೇನೆ: ಕಟ್ಟಿಗೆಯ ಒಲೆ, ದಪ್ಪ ಕಾವಲಿ, ಮಂಡಕ್ಕಿಯನ್ನೂ ಕೂಡಿಸಿ ರುಬ್ಬಿದ ಹಿಟ್ಟು, ಹುಣಿಸೆ ಹುಳಿಯಿಲ್ಲದ ಬಿಳಿಯ ಕಾಯಿಚಟ್ನಿ, ಮಸಾಲೆಯ ಆಡಂಬರವಿಲ್ಲದ ಆಲೂಗಡ್ಡೆ. ಬೆಣ್ಣೆಯ ಬದಲು ಬೆಣ್ಣೆಯಂತೆ ತೋರುವ ಗಟ್ಟಿಕೊಬ್ಬನ್ನು ಸವರುವ ಅಂಗಡಿಯಲ್ಲಿ ತಿಂದ ಮೇಲೆ ಅಂಗುಳಿನಲ್ಲಿ ಮೇಣದಂಥದೊಂದು ಪದರ ನಿಲ್ಲುತ್ತದೆ. ಅಂಥ ಅಂಗಡಿಗೆ ಎರಡನೆಯ ಸಲ ಹೋಗಬಾರದು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಇಳಿಯುವ ಹೆದ್ದಾರಿಯ ಮೇಲಿರುವ ಕೂಡ್ಲಿಗಿಯಲ್ಲಿ ಢಾಬಾಗಳು ಬಹಳ. ಲಾರಿಯವರಿಗೆ ಅವು ಆಸರೆ. ಆದರೆ ಅಲ್ಲಿ ಉಂಡವನು ಕೂಡ್ಲಿಗಿಯಲ್ಲಿ ಉಂಡಂತಾಗುವುದಿಲ್ಲ, ಆ ಸಾರು ಆ ರೊಟ್ಟಿಗಳನ್ನು ದೇಶದ ಯಾವ ಹೆದ್ದಾರಿಯಲ್ಲಾದರೂ ಕಾಣಬಹುದು. ಹೆದ್ದಾರಿಯನ್ನು ಬಿಟ್ಟು ಊರೊಳಕ್ಕೆ ಬಂದರೆ ಮಾತ್ರ ಆ ಕೆಂಪುನೆಲದ ರಾಗಿಯೂ ಶೇಂಗವೂ ಹುಣಿಸೆಯೂ ತಟ್ಟೆಗೆ ಬರುತ್ತವೆ. ಹಗರಿಬೊಮ್ಮನಹಳ್ಳಿಯ ವಿಶೇಷವೆಂದರೆ ತುಂಗಭದ್ರಾ ಜಲಾಶಯದ ಹಿನ್ನೀರಿನ ಮೀನು. ಮಾಂಸಾಹಾರದ ಊಟದ ಮನೆಗಳಲ್ಲಿ ಹೊಳೆಮೀನಿನ ಸಾರನ್ನು ಜೋಳದ ರೊಟ್ಟಿಯೊಡನೆ ಉಣ್ಣುವ ರೂಢಿಯನ್ನು ಕರಾವಳಿಯವರು ಒಪ್ಪಲಾರರು, ನಾನು ಮನಸಾರೆ ಒಪ್ಪಿದ್ದೇನೆ. ಹಕ್ಕಿಗಳಿಂದ ಹೆಸರಾಗಿ 2024ರಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಕೆರೆಯನ್ನು ನೋಡಬಂದವರು ಈ ಊಟವನ್ನೂ ಕೇಳಿ ಉಣ್ಣಬೇಕು. ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಡಗಲಿಯಲ್ಲಿ, ನಸುಕಿನಲ್ಲೇ ಹೂ ಬಿಡಿಸಿ ತೂಕಕ್ಕೆ ತಂದ ಹೆಂಗಸರು ಬಸ್ಸಿಗೆ ಕಾಯುತ್ತ ಚಹಾ ಕುಡಿಯುವ ಅಂಗಡಿಗಳೇ ಮುಂಜಾನೆಯ ಜೀವ. ಅಲ್ಲಿಯ ಚಹಾ ತೀರ ಸಿಹಿ, ಶುಂಠಿ ಧಾರಾಳ, ಚಳಿಗಾಲದಲ್ಲಿ ಅದಕ್ಕೆ ಸಮನಿಲ್ಲ.

ನನಗೆ ಹಿಡಿಸದ ಸಂಗತಿಗಳನ್ನೂ ಮುಚ್ಚಿಡದೆ ಹೇಳಬೇಕು. ಐದೂ ಊರುಗಳಲ್ಲಿ ಸಂಜೆಯ ತಳ್ಳುಗಾಡಿಗಳು ಗೋಬಿ ಮಂಚೂರಿಯ ಕಡೆಗೆ ವಾಲಿವೆ. ಹೂಕೋಸಿನ ಮೇಲೆ ನನಗೆ ವೈರವಿಲ್ಲ. ಅದರ ಕೆಂಪಿನ ಮೇಲೆ ಇದೆ. ಪರೀಕ್ಷೆಗೆ ತೆಗೆದ ಮಾದರಿಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಅಪಾಯಕಾರಿಯಾದ ಕೃತಕ ಬಣ್ಣ ಕಂಡುಬಂದುದರಿಂದ ರಾಜ್ಯ ಸರ್ಕಾರ 2024ರ ಮಾರ್ಚಿಯಲ್ಲಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣವಿಲ್ಲದ ಮಂಚೂರಿ ಕಂದಾಗಿ ಕಾಣುತ್ತದೆ, ಆ ಕಂದನ್ನೇ ಕೇಳಿ ತೆಗೆದುಕೊಳ್ಳುವುದು ಗಿರಾಕಿಯ ಕೈಯಲ್ಲಿದೆ. ಎಣ್ಣೆಯ ವಿಷಯ ಇದಕ್ಕಿಂತ ಗಹನ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು ಅದರಲ್ಲಿ ಬೇಡದ ಸಂಯುಕ್ತಗಳು ಬೆಳೆಯುತ್ತವೆ. ಇವುಗಳ ಪ್ರಮಾಣ ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು 2018ರ ಜುಲೈಯಿಂದ ದೇಶಾದ್ಯಂತ ನಿಯಮವಿದೆ. ಅಳೆಯುವ ಸಲಕರಣೆ ಬೀದಿಯ ಅಂಗಡಿಯವನಲ್ಲಿ ಇರುವುದಿಲ್ಲ, ಉಣ್ಣುವವನಲ್ಲೂ ಇರುವುದಿಲ್ಲ. ಆದರೆ ಬಾಣಲೆಯ ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ಹಸಿ ಮಿರ್ಚಿ ಬಿಟ್ಟೊಡನೆ ಬಿಳಿನೊರೆ ಎದ್ದು ಕೂಡಲೇ ಇಳಿಯದಿದ್ದರೆ, ಹೊಗೆ ಗಂಟಲನ್ನು ಕೆರೆದರೆ, ಅಲ್ಲಿಂದ ಮುಂದೆ ನಡೆಯುವುದು ವಿವೇಕ.

ಜೋಳದ ಸ್ಥಿತಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಹರಪನಹಳ್ಳಿಯ ಸುತ್ತಿನ ಹೊಲಗಳಲ್ಲಿ ಈಗ ಕಣ್ಣು ಹಾಯಿಸಿದತ್ತ ಮೆಕ್ಕೆಜೋಳ. ಅದು ಕೋಳಿಯ ಮೇವಿಗೂ ಪಿಷ್ಟದ ಕಾರ್ಖಾನೆಗೂ ಹೋಗುವ ಬೆಳೆಯೇ ಹೊರತು ಬೆಳೆದವನ ತಟ್ಟೆಗೆ ಬರುವುದಲ್ಲ. ರೈತನನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ, ದುಡ್ಡು ಬರುವ ಬೆಳೆಯನ್ನು ಅವನು ಬಿಡಲಾರ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ದೂರದ ನಗರಗಳಲ್ಲಿ ಜೋಳಕ್ಕೆ ಗೌರವ ಹೆಚ್ಚಿತು. ಜೋಳದ ತವರಿನಲ್ಲಿ ಮಾತ್ರ ಮದುವೆಯ ಊಟಗಳಿಂದ ಅದು ಹಿಂದೆ ಸರಿದು, ಫ್ಯಾಮಿಲಿ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ನಾನ್ ಬಟರ್‌ನಾನುಗಳ ಕೆಳಗೆಲ್ಲೋ ಸಿಕ್ಕಿದರೆ ಸಿಕ್ಕಿತು. ಮನೆಗೆ ಬಂದ ನೆಂಟರನ್ನು ಇಲ್ಲಿಯವರು ಇಂಥ ರೆಸ್ಟೋರೆಂಟಿಗೆ ಕರೆದೊಯ್ಯುವುದೇ ಮರ್ಯಾದೆಯೆಂದು ತಿಳಿದಿರುವುದನ್ನು ಕಂಡಾಗ, ಹಂಚಿನ ಮುಂದೆ ಕುಳಿತ ಆ ಹೆಂಗಸಿನ ವಿದ್ಯೆಗೆ ನಾವೇ ಬೆಲೆ ಕಟ್ಟಲಿಲ್ಲವಲ್ಲ ಎಂಬ ದುಃಖ ನನಗಾಗುತ್ತದೆ.

ಊಟದ ಮನೆಯ ಇನ್ನೊಂದು ಪರೀಕ್ಷೆ ನಾಲಗೆಗೆ ಸಂಬಂಧಿಸಿದುದಲ್ಲ. ಹೋಟೆಲುಗಳಿಗೂ ಸಾರ್ವಜನಿಕ ಭೋಜನಶಾಲೆಗಳಿಗೂ ಜಾತಿಯ ಕಾರಣದಿಂದ ಯಾರನ್ನೂ ಬಾರದಂತೆ ತಡೆಯಕೂಡದೆಂದು ಸಂವಿಧಾನದ 15ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. 17ನೆಯದು ಅಸ್ಪೃಶ್ಯತೆಯನ್ನೇ ತೊಡೆದುಹಾಕಿದೆ. ಉಲ್ಲಂಘಿಸಿದವರಿಗೆ ಶಿಕ್ಷೆ ವಿಧಿಸುವ ಕಾನೂನು 1955ರಲ್ಲೇ ಬಂದಿದೆ. ಪೇಟೆಯ ಖಾನಾವಳಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂದು ಇಂದು ಬಹುಮಟ್ಟಿಗೆ ಯಾರೂ ವಿಚಾರಿಸುವುದಿಲ್ಲ, ಅದು ಪೇಟೆಯ ದೊಡ್ಡ ಗುಣ. ಚಿಕ್ಕ ಹಳ್ಳಿಗಳ ಚಹಾದಂಗಡಿಗಳ ವಿಷಯದಲ್ಲಿ ಇದೇ ಮಾತನ್ನು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ಗಾಂಧೀಜಿಯವರ ಚಿತಾಭಸ್ಮವನ್ನು ಸ್ಮಾರಕದಲ್ಲಿ ಕಾಪಾಡಿಕೊಂಡು ಬಂದಿರುವ ಕೂಡ್ಲಿಗಿಯಿರುವ ಈ ಸೀಮೆಯಲ್ಲಿ, ಎಲ್ಲರಿಗೂ ಒಂದೇ ಲೋಟ ಎಂಬುದನ್ನು ಒಳ್ಳೆಯ ಅಡುಗೆಗಿಂತ ಮೊದಲಿನ ಲಕ್ಷಣವೆಂದು ನಾನು ಎಣಿಸುತ್ತೇನೆ. ಅದಿಲ್ಲದ ಅಂಗಡಿಯ ಚಹಾ ಎಷ್ಟು ಹದವಾಗಿದ್ದರೂ ನನಗೆ ಬೇಡ.

ಈಚೆಗೆ ಒಂದು ಬದಲಾವಣೆ ಕಾಣುತ್ತಿದೆ. ಮನೆಯಲ್ಲಿಯೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಎಣಿಕೆಯ ಮೇಲೆ ಕೊಡುತ್ತಿದ್ದ ಹೆಂಗಸರಲ್ಲಿ ಕೆಲವರು ಸ್ವಸಹಾಯ ಸಂಘಗಳ ಸಾಲದಿಂದಲೋ ಕೂಡಿಟ್ಟ ಹಣದಿಂದಲೋ ತಾವೇ ಚಿಕ್ಕ ಮಳಿಗೆ ಹಿಡಿದು, ಕಡಕ್ ರೊಟ್ಟಿಯ ಕಟ್ಟುಗಳನ್ನೂ ಚಟ್ನಿಪುಡಿಗಳನ್ನೂ ಮಾರುತ್ತ, ಮಧ್ಯಾಹ್ನದ ಹೊತ್ತಿಗೆ ಹತ್ತಾರು ಜನರಿಗೆ ಊಟವನ್ನೂ ಹಾಕುತ್ತಿದ್ದಾರೆ. ಇಂಥ ಕಡೆ ಹಂಚು ಗೋಡೆಯ ಹಿಂದೆ ಇರುವುದಿಲ್ಲ, ಬಾಗಿಲಲ್ಲೇ ಇರುತ್ತದೆ. ಹಣವೂ ಅವರ ಸೆರಗಿನ ಗಂಟಿಗೇ ಸೇರುತ್ತದೆ. ಪಲ್ಯ ಎರಡೇ ಆಗಿರಬಹುದು, ಕುಳಿತುಕೊಳ್ಳುವುದಕ್ಕೆ ಬೆಂಚು ಒಂದೇ ಇರಬಹುದು. ಹನ್ನೆರಡೂವರೆಯ ಒಳಗಾಗಿ ಹೋದರೆ ಸ್ಥಳ ಸಿಕ್ಕುತ್ತದೆ, ಒಂದೂವರೆಯ ಮೇಲೆ ಹಿಟ್ಟು ಮುಗಿದಿರುತ್ತದೆ. ಈ ಐದು ಊರುಗಳಲ್ಲಿ ಯಾವುದಕ್ಕೆ ಹೋದರೂ ನಾನು ಈಗ ಬಸ್ಸಿಳಿದೊಡನೆ ವಿಚಾರಿಸುವುದು ಇಂಥ ಮನೆ ಎಲ್ಲಿದೆಯೆಂದು, ಅದನ್ನು ನಡೆಸುವಾಕೆಯ ಹೆಸರೇನೆಂದು.